ಯಾರ ಕೈಯ ನೀರು?

1/9

ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಇದು ನಮ್ಮನೆಯ ದೊಡ್ಡ ಬೈಬಲ್‌ನ ಮೊದಲ ಹಾಳೆ. ಅಕ್ಷರ ನಮ್ಮ ಅಜ್ಜನದು. ಮಕ್ಕಳ ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನ ಆದ ದಿನ, ಹೀಗೆ ಮೂರು ಸಾಲು ಮಾಡಿ ಬರೆದಿದ್ದಾರೆ. ಹೆಸರುಗಳನ್ನ ನಾನೇ ಮರೆಮಾಡಿದೀನಿ, ಅದು ಮನೆ ವಿಷಯ.

ನಮ್ಮ ದೊಡ್ಡಪ್ಪನೇ ಮನೆಗೆ ಮೊದಲ ಮಗು ಅಂತ ನಾವು ಮೊಮ್ಮಕ್ಕಳೆಲ್ಲ ಅಂದ್ಕೊಂಡಿದ್ವಿ. ಪಟ್ಟಿ ನೋಡಿದ್ರೆ ದೊಡ್ಡಪ್ಪನ ನಂಬರ್ ಎರಡು. ಒಂದನೇ ನಂಬರ್ ಎದುರಿಗೆ 1964ರ ಒಂದು ತಾರೀಖು ಅಷ್ಟೇ ಇದೆ. ಹೆಸರಿಲ್ಲ. ದೀಕ್ಷಾಸ್ನಾನದ ಜಾಗ ಖಾಲಿ.

ಕಳೆದ ತಿಂಗಳು ಅಜ್ಜಿ ಹತ್ರ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು. ಅದು ಹೆಣ್ಣು ಮಗು. ಆಸ್ಪತ್ರೆಯಲ್ಲಿ ರಾತ್ರಿ ಹುಟ್ಟಿತು, ಬೆಳಗಾಗೋಷ್ಟರಲ್ಲಿ ಹೋಯಿತು. ಮಗು ಉಳಿಯಲ್ಲ ಅಂತ ಗೊತ್ತಾದಾಗ ಡ್ಯೂಟಿಯಲ್ಲಿದ್ದ ಸಿಸ್ಟರ್ ಒಂದು ಲೋಟದಲ್ಲಿ ನೀರು ತಂದು, ಅಜ್ಜಿ ಹತ್ರ ಹೆಸರು ಕೇಳಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ತಲೆ ಮೇಲೆ ಮೂರು ಸಲ ನೀರು ಹಾಕಿದರಂತೆ. ಆಮೇಲೆ ಮನೆಯ ಹಿರಿಯರೊಬ್ಬರು ಅಂದರಂತೆ: "ಅಯ್ಯನವರು ಮಾಡಿದ್ದಲ್ವಲ್ಲ, ಅದು ಲೆಕ್ಕಕ್ಕೆ ಬರಲ್ಲ."

ಅಜ್ಜ ಆ ಜಾಗ ಖಾಲಿ ಬಿಟ್ಟರು. ಅಜ್ಜಿ ಅರವತ್ತು ವರ್ಷದಿಂದ ಒಂದೇ ಪ್ರಶ್ನೆ ಇಟ್ಕೊಂಡಿದಾರೆ. ನನ್ನನ್ನೂ ಅದನ್ನೇ ಕೇಳಿದರು: "ನೀನು ಓದಿದೋಳು, ಹೇಳು ಪುಟ್ಟಿ. ಅದು ನಡೆಯುತ್ತಾ, ಇಲ್ವಾ?"

ನಾನು ಬಿಕಾಂ ಹುಡುಗಿ. ನನಗೆ ಬ್ಯಾಲೆನ್ಸ್ ಶೀಟ್ ಬರುತ್ತೆ, ದೇವಶಾಸ್ತ್ರ ಬರಲ್ಲ. ಆದ್ರೂ ಹುಡುಕಿದೆ. ಹುಡುಕ್ತಾ ಹೋದ್ರೆ ಈ ಪ್ರಶ್ನೆ ನಮ್ಮ ಮನೆಯದಷ್ಟೇ ಅಲ್ಲ, ಸುಮಾರು 1,800 ವರ್ಷ ಹಳೇದು ಅಂತ ಗೊತ್ತಾಯಿತು. ಇದರ ಮೇಲೆ ಕೋರ್ಟ್ ಕೇಸ್ ಆಗಿದೆ, ರಾಜನೇ ಕೂತು ಚರ್ಚೆ ಮಾಡಿದ್ದಾನೆ, ನಮ್ಮ ಬೆಂಗಳೂರಿನ ಸಭೆಗಳು ಒಂದಾಗೋದಕ್ಕೂ ಇದರ ಉತ್ತರವೇ ದಾರಿ ಮಾಡಿದೆ.

ಕ್ರಿಶ್ಚಿಯನ್ ಅಲ್ಲದ ಫ್ರೆಂಡ್ಸ್‌ಗೆ ಒಂದು ಸಾಲು: ದೀಕ್ಷಾಸ್ನಾನ ಅಂದ್ರೆ ಬ್ಯಾಪ್ಟಿಸಮ್. ನೀರಿನಿಂದ ಒಬ್ಬರನ್ನ ಸಭೆಗೆ ಸೇರಿಸಿಕೊಳ್ಳೋದು. ಜೀವನದಲ್ಲಿ ಒಂದೇ ಸಲ. ಅದಕ್ಕೇ "ಆಯ್ತಾ, ಆಗ್ಲಿಲ್ವಾ" ಅನ್ನೋದು ಇಷ್ಟು ದೊಡ್ಡ ಪ್ರಶ್ನೆ.

2/9

ಮೊದಲು ನಮ್ಮೂರು ಸುತ್ತೋಣ. ಈ ಪೋಸ್ಟ್‌ನಲ್ಲಿ ಮೂರು ಫೋಟೋ ಇದೆ, ಸ್ವೈಪ್ ಮಾಡಿ. ಆರ್‌ಟಿ ನಗರದಿಂದ ಬಸ್ ಹತ್ತಿ ಒಂದೇ ಭಾನುವಾರ ಮಧ್ಯಾಹ್ನ ಮೂರನ್ನೂ ನೋಡಿ ಬಂದೆ.

ಒಂದು: ಎಂಜಿ ರೋಡ್ ಪಕ್ಕದ ಸೇಂಟ್ ಮಾರ್ಕ್ಸ್. 1808ರಲ್ಲಿ ಕೆಲಸ ಶುರುವಾದ ಈ ಚರ್ಚ್ ಕಂಟೋನ್ಮೆಂಟಿನ ಇಂಗ್ಲಿಷ್ ಸೈನ್ಯಕ್ಕಾಗಿ ಕಟ್ಟಿದ್ದು. ಇದು ಆಂಗ್ಲಿಕನ್, ಅಂದ್ರೆ ಇಂಗ್ಲೆಂಡಿನ ರಾಜಮನೆತನದ ಅಧಿಕೃತ ಸಭೆ.

ಎರಡು: ಕಾರ್ಪೊರೇಷನ್ ಹತ್ರದ ಕೆಂಪು ಹಡ್ಸನ್ ಚರ್ಚ್. ಇದು 1904ರದ್ದು. ಹಡ್ಸನ್ ಸರ್ಕಲ್ ಅಂತೀವಲ್ಲ, ಅದೇ ಹಡ್ಸನ್. ಅವರು ವೆಸ್ಲಿಯನ್ ಮಿಷನರಿ. ಆ ಮಿಷನ್ 1821ರಿಂದ ಬೆಂಗಳೂರಿನಲ್ಲಿತ್ತು.

ಮೂರು: ಅವೆನ್ಯೂ ರೋಡಿನ ಗದ್ದಲದ ಮಧ್ಯೆ ಇರೋ ರೈಸ್ ಸ್ಮಾರಕ ಚರ್ಚ್. ಇದು 1820ರಲ್ಲಿ ಬೆಂಗಳೂರಿಗೆ ಬಂದ ಲಂಡನ್ ಮಿಷನ್‌ನದು. ಈ ರೈಸ್ ಯಾರು ಗೊತ್ತಾ? ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ತಂದ ಬಿ.ಎಲ್. ರೈಸ್ ಅವರ ತಂದೆ, ಬೆಂಜಮಿನ್ ರೈಸ್. ಮಗ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ.

ಈಗ ತಕರಾರು ಎಲ್ಲಿದೆ ನೋಡಿ. ಕಟ್ಟುನಿಟ್ಟಿನ ಆಂಗ್ಲಿಕನ್ ಲೆಕ್ಕದಲ್ಲಿ ಒಬ್ಬ ಮನುಷ್ಯ ಸಭಾಪಾಲಕ ಆಗಬೇಕಾದ್ರೆ ಬಿಷಪ್ ಅವನ ತಲೆ ಮೇಲೆ ಕೈಯಿಡಬೇಕು. ಆ ಬಿಷಪ್ ತಲೆ ಮೇಲೆ ಇನ್ನೊಬ್ಬ ಬಿಷಪ್ ಕೈಯಿಟ್ಟಿರಬೇಕು. ಹೀಗೆ ಆ ಸರಪಳಿ ಯೇಸುವಿನ ಶಿಷ್ಯರ ತನಕ ಹೋಗಬೇಕು. ಇಂಗ್ಲೆಂಡಿನಿಂದ ಬಂದ ವೆಸ್ಲಿಯನ್ನರಿಗೂ ಲಂಡನ್ ಮಿಷನ್‌ನವರಿಗೂ ಅಂಥ ಬಿಷಪ್‌ಗಳೇ ಇರಲಿಲ್ಲ. ಹಾಗಾದ್ರೆ ಹಡ್ಸನ್, ರೈಸ್ ಇವರೆಲ್ಲ ಆ ಲೆಕ್ಕದಲ್ಲಿ ಸಭಾಪಾಲಕರೇ ಅಲ್ಲ, ಬರೀ ಭಕ್ತರು.

ಹಳೇ ಮೈಸೂರು ಸಂಸ್ಥಾನದ ಕನ್ನಡ ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ಹೆಚ್ಚಿನವರಿಗೆ ದೀಕ್ಷಾಸ್ನಾನ ಕೊಟ್ಟವರು ಇಂಥ ಮಿಷನ್‌ಗಳವರೇ. ಹೆಬ್ಬಾಳ, ಯಲಹಂಕ ದಾಟಿ ಬಳ್ಳಾರಿ ರೋಡಿನಲ್ಲಿ ಚಿಕ್ಕಬಳ್ಳಾಪುರದ ತನಕ ಹೋದ್ರೆ ಅಲ್ಲಿ ಆಸ್ಪತ್ರೆ ಕಟ್ಟಿದ್ದೂ ಲಂಡನ್ ಮಿಷನ್‌ನವರು.

ಅಂದ್ರೆ ಅಜ್ಜಿಯ ಪ್ರಶ್ನೆ ಒಂದು ಮಗುವಿನದಲ್ಲ. ನೀರು ಹಾಕಿದ ಕೈ ಸರಿಯಿಲ್ಲ ಅಂದ್ರೆ, ನಮ್ಮಂಥ ಮನೆಗಳ ಎಷ್ಟೋ ತಲೆಮಾರುಗಳ ದೀಕ್ಷಾಸ್ನಾನ ಏನಾಗುತ್ತೆ?

3/9

ಇವತ್ತು ಕಾಮರ್ಸ್ ಕ್ಲಾಸ್. ಓಡಿಹೋಗಬೇಡಿ.

ಕಂಪನಿ ಕಾಯ್ದೆ 2013, ಸೆಕ್ಷನ್ 176. ಒಬ್ಬ ನಿರ್ದೇಶಕರ ನೇಮಕದಲ್ಲಿ ಏನೋ ದೋಷ ಇತ್ತು ಅಂತ ಆಮೇಲೆ ಗೊತ್ತಾಯಿತು ಅಂದ್ಕೊಳ್ಳಿ. ಅಲ್ಲಿವರೆಗೆ ಅವರು ನಿರ್ದೇಶಕರಾಗಿ ಮಾಡಿದ ಕೆಲಸಗಳೆಲ್ಲ ರದ್ದಾಗುತ್ತಾ? ಇಲ್ಲ. ನೇಮಕ ತಪ್ಪಾಗಿದ್ರೂ ಆ ಕೆಲಸ ಅಷ್ಟಕ್ಕೇ ಅಸಿಂಧು ಆಗಲ್ಲ. ಯಾಕೆ? ಕಂಪನಿಯನ್ನ ನಂಬಿ ವ್ಯವಹಾರ ಮಾಡಿದ ಹೊರಗಿನವರಿಗೆ ಒಳಗಿನ ತಪ್ಪಿನಿಂದ ನಷ್ಟ ಆಗಬಾರದು.

ದೀಕ್ಷಾಸ್ನಾನದ ಬಗ್ಗೆ ಆಂಗ್ಲಿಕನ್ ಬೋಧನೆ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. ಅವರು ಎರಡು ಪ್ರಶ್ನೆಗಳನ್ನ ಬೇರೆ ಬೇರೆ ಇಡ್ತಾರೆ.

ಒಂದನೇ ಪ್ರಶ್ನೆ: ಕ್ರಮ ಪ್ರಕಾರ ಆಗಿದೆಯಾ? ಕ್ರಮ ಅಂದ್ರೆ ಚರ್ಚಿನಲ್ಲಿ, ಸಭೆಯ ಮುಂದೆ, ನೇಮಕ ಆದ ಸಭಾಪಾಲಕರಿಂದ.

ಎರಡನೇ ಪ್ರಶ್ನೆ: ಸಿಂಧು ಆಗಿದೆಯಾ? ಇದಕ್ಕೆ ಬೇಕಾಗಿರೋದು ಎರಡೇ. ನೀರು ಇರಬೇಕು. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಅನ್ನೋ ಮಾತು ಇರಬೇಕು.

ಕ್ರಮ ತಪ್ಪಬಹುದು, ಆದ್ರೂ ಸಿಂಧು ಆಗಿರಬಹುದು. ಇದು ನಾನು ಹೇಳ್ತಿರೋದಲ್ಲ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ಇದಕ್ಕೆ ಒಂದು ವಿಧಾನವೇ ಇದೆ. ಮನೆಯಲ್ಲಿ ಅವಸರಕ್ಕೆ ದೀಕ್ಷಾಸ್ನಾನ ಆದ ಮಗು ಬದುಕುಳಿದು ಚರ್ಚಿಗೆ ಬಂದ್ರೆ ಸಭಾಪಾಲಕರು ವಿಚಾರಿಸಬೇಕು: ಯಾರು ಕೊಟ್ಟರು? ಯಾರು ಇದ್ದರು? ಯಾವುದರಿಂದ ಕೊಟ್ಟರು? ಯಾವ ಮಾತು ಹೇಳಿದರು? ಇಷ್ಟು ಕೇಳಿದ ಮೇಲೆ, ನೀರು ಮತ್ತು ಮಾತು ಎರಡೂ ಇತ್ತಾ ಅನ್ನೋದೇ ಗೊತ್ತಾಗದಿದ್ರೆ ಮಾತ್ರ, "ಮೊದಲೇ ಆಗಿಲ್ಲದಿದ್ದರೆ" ಅನ್ನೋ ಷರತ್ತು ಸೇರಿಸಿ ಮತ್ತೆ ಕೊಡಬೇಕು. ಮುಖ್ಯವಾದ ಅಂಶಗಳು ಅಂತ ಆ ಪುಸ್ತಕ ಎತ್ತಿ ಹೇಳೋದು ಈ ಎರಡನ್ನೇ. "ಯಾರು" ಅಂತ ಕೇಳುತ್ತೆ ನಿಜ, ಆದರೆ ಮುಖ್ಯ ಅಂಶಗಳ ಸಾಲಿಗೆ ಅದನ್ನ ಸೇರಿಸಲ್ಲ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ನಂಬಿಕೆ ಹೇಳಬಲ್ಲ ವಯಸ್ಸಾದ ಮೇಲೇ ದೀಕ್ಷಾಸ್ನಾನ ಅನ್ನೋ ಸಭೆಗಳೂ ಇವೆ. ಮಗುವಿಗೆ ಕೊಟ್ಟದ್ದನ್ನ ಅವರು ಒಪ್ಪಲ್ಲ. ಅವರ ವಾದಕ್ಕೆ ಅವರದೇ ಕಾರಣಗಳಿವೆ, ನನ್ನ ಕ್ಲಾಸಿನಲ್ಲೂ ಅಂಥ ಫ್ರೆಂಡ್ಸ್ ಇದಾರೆ. ಅದು "ಯಾರಿಗೆ" ಅನ್ನೋ ಚರ್ಚೆ. ಈ ಸರಣಿಯಲ್ಲಿರೋದು "ಯಾರಿಂದ" ಅನ್ನೋದು.

4/9

ಈ ತರ್ಕ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಆಫ್ರಿಕಾದಲ್ಲಿ. ಇವತ್ತಿನ ಟುನೀಷಿಯಾದಲ್ಲಿದ್ದ ಕಾರ್ಥೇಜ್ ಅನ್ನೋ ಊರಲ್ಲಿ.

ಕ್ರಿ.ಶ. 255ರ ಸುಮಾರಿಗೆ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮುಂದೆ ಒಂದು ಪ್ರಶ್ನೆ ಬಂತು. ಸಭೆಯಿಂದ ಒಡೆದು ಹೋದ ಗುಂಪಿನವರು ಕೊಟ್ಟ ದೀಕ್ಷಾಸ್ನಾನ ನಡೆಯುತ್ತಾ? ಸಿಪ್ರಿಯನ್ ಇಲ್ಲ ಅಂದ. ಸಭೆಯ ಹೊರಗೆ ಪವಿತ್ರಾತ್ಮನೇ ಇಲ್ಲ, ಇಲ್ಲದ್ದನ್ನ ಕೊಡೋದು ಹೇಗೆ ಅನ್ನೋದು ಅವನ ವಾದ. ರೋಮಿನ ಬಿಷಪ್ ಸ್ಟೀಫನ್ ನಡೆಯುತ್ತೆ ಅಂದ, ಮತ್ತೆ ನೀರು ಹಾಕಬೇಡಿ ಅಂದ. ಇಬ್ಬರಿಗೂ ಜೋರು ಜಗಳ ಆಯಿತು.

ಸುಮಾರು ಐವತ್ತು ವರ್ಷ ಆದ ಮೇಲೆ ಅದೇ ಊರಲ್ಲಿ ಇನ್ನೂ ಕಷ್ಟದ ಪರಿಸ್ಥಿತಿ ಬಂತು. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ 303ರಲ್ಲಿ ಕ್ರೈಸ್ತರ ಮೇಲೆ ದಬ್ಬಾಳಿಕೆ ಶುರು ಮಾಡಿದ. ಗ್ರಂಥಗಳನ್ನ ಒಪ್ಪಿಸಿ, ಸುಡ್ತೀವಿ ಅಂತ ಆಜ್ಞೆ. ಕೆಲವರು ಕೊಡದೆ ಪ್ರಾಣ ಬಿಟ್ಟರು. ಕೆಲವು ಪಾದ್ರಿಗಳು, ಬಿಷಪ್‌ಗಳು ಹೆದರಿ ಒಪ್ಪಿಸಿದರು.

ಕಷ್ಟ ಕಳೆದ ಮೇಲೆ ಲೆಕ್ಕ ಕೇಳೋ ಹೊತ್ತು ಬಂತು. ದ್ರೋಹ ಮಾಡಿದ ಕೈಯಿಂದ ನೇಮಕ ಆದವರನ್ನ ಒಪ್ಪಲ್ಲ, ಅವರು ಕೊಟ್ಟ ದೀಕ್ಷಾಸ್ನಾನನೂ ಒಪ್ಪಲ್ಲ ಅಂತ ಒಂದು ದೊಡ್ಡ ಗುಂಪು ಬೇರೆಯಾಯಿತು. ಅವರನ್ನ ಡೊನಾಟಿಸ್ಟರು ಅಂತ ಕರೀತಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ನಿಮ್ಮ ಮನೆಯವರು ಪ್ರಾಣ ಕೊಟ್ಟಿರುವಾಗ, ತಲೆ ತಗ್ಗಿಸಿ ತಪ್ಪಿಸಿಕೊಂಡವನು ಬಂದು ಪೂಜ್ಯನ ಥರ ನಿಂತರೆ ಹೇಗಿರುತ್ತೆ?

ಆದರೆ ಇದಕ್ಕೆ ಕೊನೆ ಎಲ್ಲಿ? ನನಗೆ ನೀರು ಹಾಕಿದವರು ಒಳ್ಳೆಯವರಾ? ಅವರಿಗೆ ಹಾಕಿದವರು? ಅವರಿಗಿಂತ ಹಿಂದಿನವರು? ಯಾರೂ ಯಾವತ್ತೂ ನೆಮ್ಮದಿಯಿಂದ ಇರೋಕಾಗಲ್ಲ.

ಇದಕ್ಕೆ ಉತ್ತರ ಕೊಟ್ಟವರು ಅದೇ ನಾಡಿನ ಬಿಷಪ್ ಅಗಸ್ಟೀನ್, 400ರ ಆಸುಪಾಸಿನಲ್ಲಿ. ಅವರ ಮಾತಿನ ಸಾರ ಇಷ್ಟು: ಪೇತ್ರ ನೀರು ಹಾಕಲಿ, ಯೂದನೇ ಹಾಕಲಿ, ದೀಕ್ಷಾಸ್ನಾನ ಕೊಡೋನು ಕ್ರಿಸ್ತ. ನೀರು ಹಾಕೋನು ಬರೀ ಕೈ.

ಇಂಗ್ಲೆಂಡಿನ ಸಭೆ 1571ರಲ್ಲಿ ಅಂತಿಮ ಮಾಡಿದ 39 ವಿಧಿಗಳಲ್ಲಿ 26ನೇದು ಈ ವಿಚಾರವನ್ನೇ ಹೇಳುತ್ತೆ: ಕೊಡೋನ ಕೆಟ್ಟತನ ಸಂಸ್ಕಾರವನ್ನ ಕೆಡಿಸಲ್ಲ. ಸರಿ, ಕೆಟ್ಟ ಪಾದ್ರಿ ಆದ್ರೂ ನಡೆಯುತ್ತೆ. ಪಾದ್ರಿಯೇ ಅಲ್ಲದ ಒಬ್ಬ ಹೆಂಗಸಾದ್ರೆ? ಮುಂದಿನ ಪೋಸ್ಟ್.

5/9

ಸೂಲಗಿತ್ತಿ ನರಸಮ್ಮ ಅವರ ಹೆಸರು ನೀವು ಕೇಳಿರ್ತೀರ. ಪಾವಗಡದ ಕಡೆಯವರು, ಸಾವಿರಾರು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಆಸ್ಪತ್ರೆ ಇಲ್ಲದ ಕಾಲದಲ್ಲಿ ಮಗು ಲೋಕಕ್ಕೆ ಬರುವಾಗ ಮೊದಲು ಮುಟ್ಟೋ ಕೈ ಸೂಲಗಿತ್ತಿಯದು. ಮಗು ಉಳಿಯಲ್ಲ ಅಂತ ಮೊದಲು ಗೊತ್ತಾಗೋದೂ ಆ ಕೈಗೇ.

ಹಳೇ ಇಂಗ್ಲೆಂಡಿನಲ್ಲೂ ಹಾಗೇ ಇತ್ತು. ಪಾದ್ರಿಯನ್ನ ಕರೆದುಕೊಂಡು ಬರೋಷ್ಟು ಹೊತ್ತು ಮಗುವಿಗೆ ಇರಲ್ಲ. ಅದಕ್ಕೇ ಬಿಷಪ್‌ಗಳು ಸೂಲಗಿತ್ತಿಯರಿಗೆ ಲೈಸೆನ್ಸ್ ಕೊಡ್ತಿದ್ದರು, ಪ್ರಮಾಣ ಮಾಡಿಸ್ತಿದ್ದರು. 1567ರಲ್ಲಿ ಎಲಿನರ್ ಪೀಡ್ ಅನ್ನೋ ಸೂಲಗಿತ್ತಿ ಮಾಡಿದ ಪ್ರಮಾಣ ಇವತ್ತಿಗೂ ಉಳಿದಿದೆ. ಅವಸರದಲ್ಲಿ ದೀಕ್ಷಾಸ್ನಾನ ಕೊಡಬೇಕಾಗಿ ಬಂದ್ರೆ ಸರಿಯಾದ ಮಾತನ್ನೇ ಹೇಳ್ತೀನಿ, ಶುದ್ಧವಾದ ನೀರನ್ನೇ ಬಳಸ್ತೀನಿ, ಪನ್ನೀರು ಗಿನ್ನೀರು ಬಳಸಲ್ಲ ಅಂತ ಅವಳು ಒಪ್ಪಿಕೊಂಡಿದಾಳೆ. ನೋಡಿ, ಅವಳು ಹೆಂಗಸು ಅನ್ನೋದರ ಬಗ್ಗೆ ಚಿಂತೆ ಇಲ್ಲ. ಚಿಂತೆ ಇರೋದು ನೀರಿನ ಬಗ್ಗೆ, ಮಾತಿನ ಬಗ್ಗೆ.

ಆದರೆ ಎಲ್ಲರಿಗೂ ಇದು ಸರಿ ಕಾಣಲಿಲ್ಲ. ಪ್ಯೂರಿಟನ್ ಅನ್ನೋ ಸುಧಾರಣಾವಾದಿಗಳು ಹೆಂಗಸರ ದೀಕ್ಷಾಸ್ನಾನವನ್ನ ಬಲವಾಗಿ ವಿರೋಧಿಸಿದರು. ರಿಚರ್ಡ್ ಹೂಕರ್ ಅನ್ನೋ ಆಂಗ್ಲಿಕನ್ ಪಂಡಿತರು 1597ರಲ್ಲಿ ಬಂದ ತಮ್ಮ ಗ್ರಂಥದ ಐದನೇ ಸಂಪುಟದಲ್ಲಿ ಅದನ್ನ ಸಮರ್ಥಿಸಿದರು.

1604ರ ಜನವರಿಯಲ್ಲಿ ರಾಜ ಒಂದನೇ ಜೇಮ್ಸ್ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಎರಡೂ ಕಡೆಯವರನ್ನ ಕೂರಿಸಿದ. ಹೆಂಗಸರು ದೀಕ್ಷಾಸ್ನಾನ ಕೊಡೋದು ರಾಜನಿಗೆ ಸ್ವಲ್ಪವೂ ಇಷ್ಟ ಇರಲಿಲ್ಲ. ಅವನ ಒತ್ತಾಯದಿಂದ ಪ್ರಾರ್ಥನಾ ಪುಸ್ತಕ ಬದಲಾಯಿತು. ಮೊದಲು ಅವಸರದಲ್ಲಿ ಅಲ್ಲಿದ್ದವರು ಕೊಡಬಹುದು ಅಂತಿತ್ತು. ಈಗ ಅಧಿಕೃತ ಸಭಾಪಾಲಕರೇ ಕೊಡಬೇಕು ಅಂತಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅಜ್ಜಿಗೆ ನಾನು ಏನು ಹೇಳಬೇಕಿತ್ತೋ ಗೊತ್ತಿಲ್ಲ. ಆದರೆ ಅದೇ ಸಭೆಯ ವರದಿಯಲ್ಲಿ ರಾಜನ ಇನ್ನೊಂದು ನಿಲುವೂ ದಾಖಲಾಗಿದೆ. ಹೆಂಗಸರಿಂದಲೋ ಸಾಮಾನ್ಯ ಭಕ್ತರಿಂದಲೋ ಈಗಾಗಲೇ ಆಗಿದ್ದರೆ, ಅಂಥವರಿಗೆ ಮತ್ತೆ ನೀರು ಹಾಕೋದೂ ಅವನಿಗೆ ಅಷ್ಟೇ ಇಷ್ಟ ಇರಲಿಲ್ಲ.

ಅರ್ಥ ಆಯ್ತಲ್ಲ? ಮಾಡಬೇಡಿ ಅಂದ. ಮಾಡಿದ್ದು ಆಗಿಲ್ಲ ಅನ್ನಲಿಲ್ಲ.

6/9

"ಮಾಡಬಾರದು" ಅನ್ನೋದಕ್ಕೂ "ಆಗಿಲ್ಲ" ಅನ್ನೋದಕ್ಕೂ ಇರೋ ವ್ಯತ್ಯಾಸ ಎಲ್ಲರಿಗೂ ಒಪ್ಪಿಗೆ ಆಗಲಿಲ್ಲ. ರೋಜರ್ ಲಾರೆನ್ಸ್ ಅನ್ನೋರಿಗೆ ಚಿಕ್ಕಂದಿನಲ್ಲಿ ಆಂಗ್ಲಿಕನ್ ಅಲ್ಲದ ಸಭೆಯಲ್ಲಿ ದೀಕ್ಷಾಸ್ನಾನ ಆಗಿತ್ತು. ಅದು ನಡೆಯಲ್ಲ ಅಂತ ಅವರಿಗೇ ಅನ್ನಿಸಿ, 1708ರಲ್ಲಿ ಮತ್ತೆ ದೀಕ್ಷಾಸ್ನಾನ ತಗೊಂಡರು. ಬಿಷಪ್ ಸರಪಳಿ ಇಲ್ಲದ ಕೈಯ ದೀಕ್ಷಾಸ್ನಾನ ಅಸಿಂಧು ಅಂತ ಪುಸ್ತಕವನ್ನೂ ಬರೆದರು. 1712ರಲ್ಲಿ ಇಂಗ್ಲೆಂಡಿನ ಬಿಷಪ್‌ಗಳು ಅದಕ್ಕೆ ವಿರುದ್ಧವಾಗಿ ಒಂದು ಘೋಷಣೆ ತಯಾರು ಮಾಡಿದರೆ, ಪಾದ್ರಿಗಳ ಕೆಳಮನೆ ಅದನ್ನ ಒಪ್ಪಲಿಲ್ಲ. ಹೀಗೆ ತಕರಾರು ಉಳಿದೇ ಹೋಯಿತು. ಕೊನೆಗೆ ಇದನ್ನ ತೀರ್ಮಾನಿಸಿದ್ದು ಕೋರ್ಟು.

ಆಗಿನ ಆಂಗ್ಲಿಕನ್ ನಿಯಮದ ಪ್ರಕಾರ ದೀಕ್ಷಾಸ್ನಾನ ಆಗದೆ ಸತ್ತವರಿಗೆ ಸಭೆಯ ಶವಸಂಸ್ಕಾರದ ಪ್ರಾರ್ಥನೆ ಇರಲಿಲ್ಲ. ಊರಿನ ಸ್ಮಶಾನ ಇರ್ತಿದ್ದದ್ದು ಚರ್ಚಿನ ಅಂಗಳದಲ್ಲೇ. ಹಾಗಾಗಿ "ನಿನ್ನದು ನಡೆಯಲ್ಲ" ಅನ್ನೋ ಮಾತು ಪುಸ್ತಕದಲ್ಲೇ ಉಳೀತಿರಲಿಲ್ಲ, ಮಗುವಿನ ಗುಂಡಿ ತನಕ ಬರ್ತಿತ್ತು. 1809ರಲ್ಲಿ ಕೆಂಪ್ ಮತ್ತು ವಿಕ್ಸ್ ನಡುವಿನ ಕೇಸಿನಲ್ಲಿ ನ್ಯಾಯಾಧೀಶ ಸರ್ ಜಾನ್ ನಿಕೊಲ್, ಬೇರೆ ಸಭೆಯವರು ಕೊಟ್ಟದ್ದೂ ಸಿಂಧು, ಪ್ರಾರ್ಥನೆ ನಿರಾಕರಿಸಿದ್ದು ತಪ್ಪು ಅಂದರು.

ಆದರೂ 1839ರ ಕೊನೆಗೆ ಅದೇ ಆಯಿತು. ಲಿಂಕನ್‌ಶೈರ್ ಜಿಲ್ಲೆಯ ಗೆಡ್ನಿ ಅನ್ನೋ ಹಳ್ಳಿ. ಎಲಿಜಬೆತ್ ಆ್ಯನ್ ಕ್ಲಿಫ್ ಅನ್ನೋ ಕೂಸು ತೀರಿಕೊಂಡಿತು. ಅದಕ್ಕೆ ದೀಕ್ಷಾಸ್ನಾನ ಕೊಟ್ಟಿದ್ದವರು ವೆಸ್ಲಿಯನ್ ಸಭಾಪಾಲಕರು. ಊರಿನ ಆಂಗ್ಲಿಕನ್ ಪಾದ್ರಿ ಎಸ್ಕಾಟ್, ಇದು ಲೆಕ್ಕಕ್ಕಿಲ್ಲ ಅಂತ ಹೇಳಿ ಶವಸಂಸ್ಕಾರ ಮಾಡೋಕೆ ಒಪ್ಪಲಿಲ್ಲ. ಮ್ಯಾಸ್ಟಿನ್ ಅನ್ನೋ ಒಬ್ಬರು ಚರ್ಚ್ ಕೋರ್ಟಿಗೆ ಹೋದರು.

1841ರಲ್ಲಿ ತೀರ್ಪು ಬಂತು. ಪಾದ್ರಿಗೆ ಮೂರು ತಿಂಗಳು ಅಮಾನತು. ಅವರು ಮೇಲ್ಮನವಿ ಹಾಕಿದರು. 1842ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನೇ ಎತ್ತಿಹಿಡಿಯಿತು. ಅದರ ತರ್ಕ ಸರಳ: ನೀರು ಮತ್ತು ತ್ರಯೇಕ ನಾಮ ಇದ್ದರೆ ಸಾಮಾನ್ಯ ಭಕ್ತರು ಕೊಟ್ಟದ್ದೂ ಸಿಂಧು ಅನ್ನೋದು ಹಿಂದಿನಿಂದ ಬಂದ ಕಾನೂನು. 1604ರ ಮತ್ತು ಆಮೇಲಿನ ಬದಲಾವಣೆಗಳು ಯಾರು ಕೊಡಬೇಕು ಅಂತ ಹೇಳಿದವೇ ಹೊರತು, ಬೇರೆಯವರು ಕೊಟ್ಟದ್ದನ್ನ ಎಲ್ಲೂ ರದ್ದು ಮಾಡಲಿಲ್ಲ.

ಗೆಡ್ನಿಯ ಆ ಕೂಸು ಮತ್ತು ನಮ್ಮನೆಯ ಒಂದನೇ ನಂಬರ್. ನಡುವೆ 125 ವರ್ಷ ಇದೆ.

7/9

ಈಗ ವಾಪಸ್ ಬೆಂಗಳೂರು. ಆರ್‌ಟಿ ನಗರದಿಂದ ಕಂಟೋನ್ಮೆಂಟ್ ಸ್ಟೇಷನ್ ಕಡೆ ಹೋಗುವಾಗ ಬೆನ್ಸನ್ ಟೌನಿನ ಮಿಲ್ಲರ್ಸ್ ರೋಡಿನಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜ್ ಇದೆ. ಫೋಟೋ ಅದರ ಗೇಟಿನದು. ಹೆಸರಲ್ಲೇ "ಯುನೈಟೆಡ್" ಇದೆ ನೋಡಿ. 1910ರಲ್ಲಿ ಲಂಡನ್ ಮಿಷನ್, ವೆಸ್ಲಿಯನ್ ಮಿಷನ್ ಸೇರಿ ಹಲವು ಮಿಷನ್‌ಗಳು ಒಟ್ಟಿಗೆ ಶುರು ಮಾಡಿದ್ದು. ಅದಕ್ಕೆ ಎರಡು ವರ್ಷ ಮೊದಲು, 1908ರಲ್ಲಿ, ಲಂಡನ್ ಮಿಷನ್‌ನಂಥ ಕಾಂಗ್ರಿಗೇಷನಲ್ ಸಭೆಗಳೂ ಪ್ರೆಸ್ಬಿಟೀರಿಯನ್ ಸಭೆಗಳೂ ಸೇರಿ ದಕ್ಷಿಣ ಭಾರತ ಐಕ್ಯ ಸಭೆ ಆಗಿತ್ತು.

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಜನ ಕೂತರು. ಇಬ್ಬರನ್ನ ಬಿಟ್ಟು ಎಲ್ಲರೂ ಭಾರತೀಯರು. ಮುಂದೆ ನಿಂತವರು ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ವಿ.ಎಸ್. ಅಜರಾಯ. ಇಂಗ್ಲೆಂಡಿನವರ ಜಗಳ ನಮಗ್ಯಾಕೆ, ನಾವು ಒಂದಾಗೋಣ ಅನ್ನೋದು ಅವರ ಮಾತಿನ ತಾತ್ಪರ್ಯ.

ಒಂದಾಗೋಕೆ 28 ವರ್ಷ ಹಿಡೀತು. ಯಾವುದಕ್ಕೆ ಅಷ್ಟು ಹೊತ್ತು? ಬಿಷಪ್ ಸರಪಳಿ ಇಲ್ಲದ ಸಭಾಪಾಲಕರನ್ನ ಆಂಗ್ಲಿಕನ್ನರು ಒಪ್ಪಬೇಕಾ, ಅವರು ಕೊಡೋ ಕರ್ತನ ಭೋಜನದ ರೊಟ್ಟಿ ತಗೋಬಹುದಾ ಅನ್ನೋದಕ್ಕೆ. ಇಂಗ್ಲೆಂಡಿನಲ್ಲಿ ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಪುಸ್ತಕವನ್ನೇ ಬರೆದರು.

ಆದರೆ ಇಷ್ಟೆಲ್ಲ ಜಗಳದಲ್ಲಿ ತಕರಾರಿಗೆ ಬರದ ಒಂದು ವಿಷಯ ಇತ್ತು. ವೆಸ್ಲಿಯನ್ ಕೈಯಿಂದಲೋ ಲಂಡನ್ ಮಿಷನ್ ಕೈಯಿಂದಲೋ ದೀಕ್ಷಾಸ್ನಾನ ಆದವರು ಮತ್ತೆ ತಗೋಬೇಕು ಅನ್ನೋ ಷರತ್ತು ಬರಲಿಲ್ಲ. 1920ರಲ್ಲಿ ಲ್ಯಾಂಬೆತ್‌ನಲ್ಲಿ ಸೇರಿದ ಜಗತ್ತಿನ ಆಂಗ್ಲಿಕನ್ ಬಿಷಪ್‌ಗಳು, ಕ್ರಿಸ್ತನನ್ನ ನಂಬಿ ತ್ರಯೇಕ ದೇವರ ಹೆಸರಿನಲ್ಲಿ ದೀಕ್ಷಾಸ್ನಾನ ಆದವರೆಲ್ಲ ಒಂದೇ ವಿಶ್ವಸಭೆಯ ಸದಸ್ಯರು ಅಂತ ಆಗಲೇ ಹೇಳಿಬಿಟ್ಟಿದ್ದರು. ಅದೇ ಕೈಯ ರೊಟ್ಟಿ ಬಗ್ಗೆ ಅನುಮಾನ ಇತ್ತು, ನೀರಿನ ಬಗ್ಗೆ ಇರಲಿಲ್ಲ. ಎಲ್ಲರ ಕಾಲ ಕೆಳಗೂ ಇದ್ದ ಒಂದೇ ನೆಲ ಅದು. ಅದಿಲ್ಲದಿದ್ದರೆ ಮಾತುಕತೆ ಶುರುವಾಗೋದೇ ಕಷ್ಟ ಇತ್ತು.

1947ರ ಸೆಪ್ಟೆಂಬರ್ 27. ಸ್ವಾತಂತ್ರ್ಯ ಬಂದು ಆರು ವಾರ. ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಐಕ್ಯ ಸಭೆ ಮೂರೂ ಸೇರಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ, ಆಯಿತು. ಇದ್ದ ಸಭಾಪಾಲಕರನ್ನ ಇದ್ದ ಹಾಗೇ ಒಪ್ಪಿಕೊಂಡರು, ಮುಂದಿನ ನೇಮಕಗಳು ಮಾತ್ರ ಬಿಷಪ್ ಕೈಯಿಂದ ಅಂತಾಯಿತು. ಅವತ್ತು ಮೈಸೂರು ಡಯಾಸಿಸ್‌ಗೆ ಬಿಷಪ್ ಆದವರು ಪಿ. ಗುರುಶಾಂತ, ಮೆಥಡಿಸ್ಟ್ ಸಭೆಯಿಂದ ಬಂದವರು.

ಎರಡನೇ ಪೋಸ್ಟಿನ ಮೂರು ಚರ್ಚುಗಳೂ ಇವತ್ತು ಒಂದೇ ಡಯಾಸಿಸ್‌ನಲ್ಲಿವೆ.

8/9

ಇಷ್ಟು ಬರೆದು ಇಲ್ಲಿಗೇ ಚಪ್ಪಾಳೆ ತಟ್ಟಿ ಮುಗಿಸಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ.

"ಯಾರ ಕೈಯ ನೀರು" ಅನ್ನೋದು ಇಂಗ್ಲೆಂಡಿನವರಿಗೆ ಪಾದ್ರಿಯ ಪ್ರಶ್ನೆ. ನಮ್ಮ ನಾಡಿನಲ್ಲಿ ಅದು ಜಾತಿಯ ಪ್ರಶ್ನೆ. ಯಾರ ಮನೆಯ ನೀರು ಕುಡೀಬಹುದು, ಯಾರು ಬಾವಿ ಮುಟ್ಟಬಹುದು, ಯಾರಿಗೆ ಮೇಲಿಂದ ಬೊಗಸೆಗೆ ಸುರಿಯಬೇಕು. ನಿಮ್ಮ ಊರಿನ ಹಿರಿಯರನ್ನ ಕೇಳಿ, ಅವರಿಗೆ ನೆನಪಿರುತ್ತೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡ್‌ನಲ್ಲಿ ಕೆರೆಯ ನೀರು ಕುಡಿದದ್ದು ಅದಕ್ಕೇ ಒಂದು ಚಳವಳಿ ಆಯಿತು. ನೀರು ಕುಡಿಯೋದೇ ಹೋರಾಟ ಆಗೋ ದೇಶ ನಮ್ಮದು.

ಇಂಥ ಜಾಗದಲ್ಲಿ "ಕೈ ಯಾವುದಾದರೂ ನೀರು ಕೆಡಲ್ಲ" ಅನ್ನೋ ಮಾತಿಗೆ ಎಷ್ಟು ತೂಕ ಇದೆ ಯೋಚಿಸಿ. ಈ ಮಾತನ್ನ ಪೂರ್ತಿ ನಂಬಿದ್ದರೆ ಸಭೆಯ ಒಳಗೆ ಜಾತಿ ಉಳಿಯಲೇಬಾರದಿತ್ತು.

ಉಳಿಯಿತು. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿವಾರು ಬೇರೆ ಕೂರೋದು, ಕರ್ತನ ಭೋಜನಕ್ಕೆ ಬೇರೆ ಸಾಲಿನಲ್ಲಿ ಬರೋದು ಇತ್ತು. 1833ರಲ್ಲಿ ಕಲ್ಕತ್ತಾದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಇದೆಲ್ಲ ನಿಲ್ಲಬೇಕು ಅಂತ ಪತ್ರ ಬರೆದಾಗ, ತಮಿಳು ಸಭೆಗಳಲ್ಲಿ ಮೇಲ್ಜಾತಿಯ ಎಷ್ಟೋ ಜನ ಸಭೆ ಬಿಟ್ಟು ಹೊರಟರು. ಒಂದೇ ನೀರಿನಲ್ಲಿ ದೀಕ್ಷಾಸ್ನಾನ ಆದವರು ಒಂದೇ ಬಟ್ಟಲಿನಿಂದ ಕುಡಿಯೋಕೆ ಹಿಂದೆಗೆದರು. ಇವತ್ತಿಗೂ ಮದುವೆ ಸಂಬಂಧ ನೋಡುವಾಗ ನಮ್ಮವರು ಏನೇನು ಕೇಳ್ತಾರೆ ಅಂತ ನನಗೂ ಗೊತ್ತು, ಇದನ್ನ ಓದ್ತಿರೋ ನಮ್ಮ ಕಸಿನ್ಸ್‌ಗೂ ಗೊತ್ತು.

ಹಾಗಾದ್ರೆ ಈ ಬೋಧನೆಯಿಂದ ಏನುಪಯೋಗ ಅಂತ ಕೇಳಬಹುದು. ನನಗೆ ಅನ್ನಿಸೋದು ಇಷ್ಟು. ನಿಯಮ ಒಳ್ಳೇದಿದ್ದ ಮಾತ್ರಕ್ಕೆ ಜನ ಒಳ್ಳೆಯವರಾಗಲ್ಲ. ಆದರೆ ನಿಯಮ ಇದ್ದರೆ, ಅನ್ಯಾಯ ಆದಾಗ ಅದನ್ನ ತೋರಿಸಿ ಕೇಳಬಹುದು. ಗೆಡ್ನಿಯಲ್ಲಿ ಕೋರ್ಟಿಗೆ ಹೋದೋರ ಕೈಯಲ್ಲಿ ಇದ್ದದ್ದು ಅದೇ. ಸೂಲಗಿತ್ತಿಯ ಕೈ ನಡೆಯುತ್ತೆ, ಪಾದ್ರಿ ಅಲ್ಲದವರ ಕೈ ನಡೆಯುತ್ತೆ ಅಂತ ಬರೆದಿಟ್ಟ ಸಭೆಗೆ, ಯಾವ ಕೈಯನ್ನೂ ಕೀಳು ಅನ್ನೋ ಹಕ್ಕು ಉಳಿಯಲ್ಲ. ಅದನ್ನ ಅವರಿಗೆ ನೆನಪಿಸೋದು ನಮ್ಮ ಕೆಲಸ.

9/9

ಕೊನೇ ಪೋಸ್ಟ್. ಮತ್ತೆ ಅದೇ ಬೈಬಲ್, ಅದೇ ಹಾಳೆ.

ಶನಿವಾರ ಸಂಜೆ ಅಜ್ಜಿ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಕಾರ್ಥೇಜ್, ಅಗಸ್ಟೀನ್ ಕಥೆಗೆ ಹೂಂಗುಟ್ಟಿದರು ಅಷ್ಟೇ. ಎಲಿನರ್ ಪೀಡ್ ಪನ್ನೀರು ಬಳಸಲ್ಲ ಅಂತ ಪ್ರಮಾಣ ಮಾಡಿದ್ದು ಕೇಳಿ ನಕ್ಕರು. "ಆ ಸಿಸ್ಟರ್ ತಂದದ್ದು ಕುಡಿಯೋ ನೀರೇ ಕಣೇ, ಮಡಕೆಯಿಂದ ಬಗ್ಗಿಸಿದ್ದು" ಅಂದರು. ಎಲಿಜಬೆತ್ ಆ್ಯನ್ ಕಥೆ ಹೇಳುವಾಗ ಮಾತ್ರ ನನ್ನ ಕೈ ಹಿಡ್ಕೊಂಡರು.

ಮುಗಿದ ಮೇಲೆ ಕೇಳಿದರು: "ಅಂದ್ರೆ ನೀರಿತ್ತು, ಮಾತಿತ್ತು. ಅಷ್ಟೇ ಸಾಕಾ?"

"ಅಷ್ಟೇ ಸಾಕು ಅಜ್ಜಿ. ಕೋರ್ಟೇ ಹೇಳಿದೆ."

"ಕೋರ್ಟ್ ಬಿಡು. ಸಭೆ ಏನನ್ನುತ್ತೆ?"

ಮಾರನೇ ದಿನ ಆರಾಧನೆ ಆದ ಮೇಲೆ ಇಬ್ಬರೂ ನಮ್ಮ ಅಯ್ಯನವರನ್ನ ಕಂಡ್ವಿ. ಅವರು ಪೂರ್ತಿ ಕೇಳಿಸಿಕೊಂಡರು. ನಾನು ತಯಾರಾಗಿ ಹೋಗಿದ್ದ ಇಸವಿಗಳು ಯಾವುದೂ ಬೇಕಾಗಲಿಲ್ಲ. "ಅಮ್ಮ, ಅವತ್ತೇ ಆಗಿಹೋಗಿದೆ. ಮತ್ತೆ ಮಾಡೋಕೆ ನಮಗೇನೂ ಉಳಿದಿಲ್ಲ" ಅಂದರು. ಆಮೇಲೆ ಮಗುವಿನ ಹೆಸರು ಕೇಳಿ, ಆ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ಆ ಹೆಸರನ್ನ ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಅಜ್ಜಿ ಪೆನ್ನು ತಾ ಅಂದರು. ಅವರ ಕೈ ನಡುಗುತ್ತೆ, ನಾನು ಬರೀಲಾ ಅಂತ ಕೇಳಿದೆ. ಬೇಡ ಅಂದರು. ಅಜ್ಜನ ನೀಟಾದ ಅಕ್ಷರದ ಮೇಲಿನ ಸಾಲಿನಲ್ಲಿ ಈಗ ಅಜ್ಜಿಯ ಸೊಟ್ಟ ಅಕ್ಷರ ಇದೆ. ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ. ಎರಡೂ ತಾರೀಖು ಒಂದೇ. ಫೋಟೋದಲ್ಲಿ ತಾರೀಖಷ್ಟೇ ಕಾಣೋ ಹಾಗೆ ಇಟ್ಟಿದೀನಿ.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಈಗಿಲ್ಲ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಆದರೆ ಗೊತ್ತಿಲ್ಲದೆ ಆಡಿದ ಒಂದು ಮಾತು ಒಬ್ಬ ತಾಯಿಯ ಅರವತ್ತು ವರ್ಷ ತಿಂದಿತು.

ನಿಮ್ಮ ಮನೆಯಲ್ಲೂ ಇಂಥ ಖಾಲಿ ಸಾಲು ಇರಬಹುದು. ನೀವು ಯಾವ ಧರ್ಮದವರೇ ಆಗಿರಿ, ಅಜ್ಜಿ ತಾತ ಇರುವಾಗಲೇ ಒಂದ್ಸಲ ಕೇಳಿ. ಹೇಳಬೇಕು ಅನ್ನಿಸಿದರೆ ಕಾಮೆಂಟ್‌ನಲ್ಲಿ ಬರೀರಿ, ಹೆಸರು ಹಾಕಬೇಡಿ. ನನಗೆ ಸೋಮವಾರ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ, ಉತ್ತರ ಕೊಡೋದು ಸ್ವಲ್ಪ ತಡ ಆಗುತ್ತೆ.

#ಯಾರಕೈಯನೀರು #ಬೆಂಗಳೂರುಇತಿಹಾಸ #ನಮ್ಮಅಜ್ಜಿ #ಆರ್‌ಟಿನಗರ